ಏಡನ್ನಿನ ಕ್ಯಾಮೆರಾ, ಬಸ್ಯಾನ ಬಾಲ

ಕಳೆದ ತಿಂಗಳು ಬಬಲೇಶ್ವರದಲ್ಲಿ ಒಂದು ಕ್ಯಾಮೆರಾ ಕೆಟ್ಟಿತು. ನನಗಾದ ಸಂತೋಷ ಅಷ್ಟಿಷ್ಟಲ್ಲ.

ಕೆಟ್ಟದ್ದು ನನ್ನ ಷಡ್ಡಕನ ಕ್ಯಾಮೆರಾ. ಷಡ್ಡಕ ಅಂದರೆ ನನ್ನ ಹೆಂಡತಿಯ ತಂಗಿ ನೀಲಾಳ ಗಂಡ, ಟಿಕೋಟಾದ ಗುರುಪಾದ. ಸಮುದ್ರದಾಚೆಯ ಏಡನ್ ಬಂದರಿನಲ್ಲಿ ಮೂರು ವರ್ಷ ಗುಮಾಸ್ತನಾಗಿದ್ದು, ಹಡಗು ಹತ್ತಿ ಬರುವಾಗ ಜರ್ಮನ್ ಕ್ಯಾಮೆರಾ ತಂದ. ಅದೇ ಕಂಪನಿಯ ಅದೇ ಮಾಡೆಲ್ಲಿನ ಕ್ಯಾಮೆರಾ ನಾನೂ ಸೊಲ್ಲಾಪುರದಲ್ಲಿ ಕೊಂಡಿದ್ದೆ. ನಾನು ಕೊಟ್ಟದ್ದರಲ್ಲಿ ಅವನು ಕೊಟ್ಟದ್ದು ಅರ್ಧ. (ಏಡನ್ನಿನಲ್ಲಿ ಸುಂಕವಿಲ್ಲವಂತೆ. ಇದನ್ನು ಅವನು ನನಗೆ ನಾಲ್ಕು ಸಲ ಹೇಳಿದ್ದಾನೆ.)

"ನೀಲಾನ ಗಂಡ ಅರ್ಧಾ ರೊಕ್ಕದಾಗ ತಂದಾನ. ನಿಮ್ಮದರಾಗ ಏನ್ ಹೆಚ್ಚಿಗಿ ಐತ್ರಿ?" ಎಂದಳು ಹೆಂಡತಿ.

"ಗ್ಯಾರಂಟಿ ಐತಿ. ಪೂರಾ ಒಂದ ವರ್ಷ."

"ಅದು ಫೋಟೋದಾಗ ಕಾಣ್ತೈತೇನ್ರಿ?"

ಅವತ್ತಿನಿಂದ ನನ್ನ ಹೊಟ್ಟೆಯಲ್ಲಿ ಹೊತ್ತಿಕೊಂಡ ಕಿಚ್ಚು ಆರಲಿಲ್ಲ. ಮಾಸ್ತರಿಕೆ ಮಾಡುವವನು ಹೀಗೆ ಬರೆಯಬಾರದು, ಗೊತ್ತು. ಆದರೆ ನಿಮ್ಮ ಮುಂದೆ ಮುಚ್ಚಿಡುವುದೇನಿದೆ? ಗೋಳಗುಮ್ಮಟದ ಹತ್ತಿರ ಅವನು ಕ್ಯಾಮೆರಾ ಹಿಡಿದು ನಿಂತರೆ ಹುಡುಗರು ಸುತ್ತ ಮುತ್ತುತ್ತಿದ್ದರು. ಅದೇ ಕ್ಯಾಮೆರಾ ಹಿಡಿದು ನಾನು ನಿಂತರೆ "ಸರ್, ನಾಳೆ ಸಾಲಿ ಐತೇನ್ರಿ?" ಎಂದು ಕೇಳುತ್ತಿದ್ದರು.

ಗುರುಪಾದನ ಹತ್ತಿರವೂ ಒಂದು ಗ್ಯಾರಂಟಿ ಕಾರ್ಡು ಇತ್ತು. ಮೇಲೆ ಏಡನ್ನಿನ ಅಂಗಡಿಯ ದೊಡ್ಡ ಸಿಕ್ಕಾ ಒತ್ತಿತ್ತು. ಮನೆಮಂದಿಯೆಲ್ಲ ಆ ಸಿಕ್ಕಾ ನೋಡಿ ತಲೆದೂಗಿದರು. ನಾನು ಕೆಳಗಿನ ಸಣ್ಣ ಅಕ್ಷರ ಓದಿದೆ. ಕೊಂಡ ದೇಶದಲ್ಲಿ ಮಾತ್ರ ಈ ಗ್ಯಾರಂಟಿ ನಡೆಯುತ್ತದೆ ಎಂದಿತ್ತು. ಅಂದರೆ ರಿಪೇರಿಗೆ ಏಡನ್ನಿಗೇ ಕಳಿಸಬೇಕು. ತಿರುಗಿ ಬರುವಾಗ ಮುಂಬಯಿ ಬಂದರಿನಲ್ಲಿ ಸುಂಕದವರ ಕೈಗೆ ಸಿಗಬೇಕು. ಉಳಿಸಿದ ಅರ್ಧ ಅಲ್ಲೇ ಹೋಯಿತಲ್ಲ!

ಇದನ್ನು ಅವನಿಗೆ ಹೇಳಿದೆನೇ? ಇಲ್ಲ. ಕಾರ್ಡನ್ನು ಮಡಚಿ, "ಛಲೋ ಐತಿ" ಎಂದು ವಾಪಸು ಕೊಟ್ಟೆ.

ಈಗ ಬಬಲೇಶ್ವರಕ್ಕೆ ಬರುತ್ತೇನೆ. ಅಲ್ಲಿರುವುದು ನಮ್ಮಿಬ್ಬರ ಮಾವನ ಮನೆ. ಮಾವನಿಗೆ ಬಸ್ಯಾ ಎಂಬ ಎತ್ತು. ಹನ್ನೆರಡು ವರ್ಷ ದುಡಿದು ಹಣ್ಣಾಗಿತ್ತು. ಅದರ ಜೊತೆ ಒಂದು ಫೋಟೋ ತೆಗೆಸಿಕೊಳ್ಳಬೇಕೆಂಬುದು ಮುದುಕನ ಒಂದೇ ಆಸೆ. ನಮ್ಮೂರ ಸಿದ್ಧೇಶ್ವರ ಗುಡಿಯ ಹತ್ತಿರ ಸ್ಟುಡಿಯೋ ಏನೋ ಇದೆ. ಆದರೆ ಎತ್ತನ್ನು ಮೆಟ್ಟಿಲು ಹತ್ತಿಸಿ, ಹೂವಿನ ಕುಂಡದ ಪಕ್ಕ ನಿಲ್ಲಿಸಲು ಆಗುತ್ತದೆಯೇ?

"ಏಡನ್ ಕ್ಯಾಮೆರಾ ತರ್ತೀನ್ರಿ ಮಾವಾ," ಎಂದಿದ್ದ ಗುರುಪಾದ. ನನ್ನನ್ನು ಯಾರೂ ಕೇಳಲಿಲ್ಲ. ಆದರೂ ನಾನೂ ನನ್ನದನ್ನು ಹೆಗಲಿಗೆ ಹಾಕಿಕೊಂಡೇ ಬಸ್ಸು ಹತ್ತಿದೆ.

ಮಾವ ಎತ್ತಿನ ಮೈ ತೊಳೆದು, ಕೋಡಿಗೆ ಬಣ್ಣ ಬಳಿದು, ಬೆನ್ನ ಮೇಲೆ ಝೂಲ ಹೊದಿಸಿ, ತಾನು ತಲೆಗೆ ಹೊಸ ಪಟಗ ಸುತ್ತಿಕೊಂಡು ಬೇವಿನ ಗಿಡದ ಕೆಳಗೆ ನಿಂತಿದ್ದ. ಒಂದು ಕೈ ಬಸ್ಯಾನ ಕೊರಳ ಮೇಲೆ. ಗುರುಪಾದ ಗುಂಡಿ ಒತ್ತಿದ. ಕ್ಯಾಮೆರಾ ಟಿಕ್ ಅನ್ನಲಿಲ್ಲ. ಮತ್ತೆ ಒತ್ತಿದ, ತಟ್ಟಿದ, ಊದಿದ. ಊಹೂಂ. ಹೆಂಡತಿಯ ತಲೆಯಿಂದ ಹೇರ್‌ಪಿನ್ ಇಸಿದುಕೊಂಡು ಒಳಗೆ ಚುಚ್ಚತೊಡಗಿದ. ಮಾವ ಮಾತ್ರ ಪಟಗ ಸಹ ಅಲುಗಿಸದೆ ನಿಂತೇ ಇದ್ದ.

ಕೊನೆಗೆ ಗುರುಪಾದ ನನ್ನ ಕಡೆ ನೋಡಿದ. "ಅಣ್ಣಾರ, ನಿಮ್ಮ ಕ್ಯಾಮೆರಾ ಐತಲ್ರಿ. ಒಂದ ಹೊಡೀರಿ."

ನನ್ನ ಕ್ಯಾಮೆರಾದ ಬೆನ್ನಿಗೆ ಒಂದು ಕೆಂಪು ಕಿಟಕಿ ಇದೆ. ಎಷ್ಟನೆಯ ಫೋಟೋ ಎಂಬ ಅಂಕಿ ಅಲ್ಲಿ ಕಾಣುತ್ತದೆ. ಆಗ ಒಂಬತ್ತು ಇತ್ತು. ಹನ್ನೆರಡರ ರೋಲು. ನಾನು ಆ ಕಿಟಕಿಯನ್ನು ಹೊಟ್ಟೆಗೆ ಅವಚಿಕೊಂಡೆ.

"ರೋಲ್ ಮುಗದೈತಿ," ಎಂದೆ.

ಯಾಕೆ ಹಾಗಂದೆ? ನಾನು ಫೋಟೋ ಹೊಡೆದಿದ್ದರೆ ಗುರುಪಾದನ ಮರ್ಯಾದೆ ಉಳಿಯುತ್ತಿತ್ತು. ಅದು ಉಳಿಯುವುದು ನನಗೆ ಬೇಕಾಗಿರಲಿಲ್ಲ, ಅಷ್ಟೇ.

"ಇರ್ಲಿ ಬಿಡ್ರಿ ಮಾಸ್ತರ. ಮುಂದಿನ ಸರ್ತಿ ತಗೊಂಡ ಬರ್ರಿ," ಎಂದ ಮಾವ. "ಬಸ್ಯಾ ಎಲ್ಲಿ ಹೋಗ್ತಾನ?"

ಎಲ್ಲರೂ ಊಟಕ್ಕೆ ಒಳಗೆ ಹೋದರು. ಗುರುಪಾದ ಮಾತ್ರ ಗಿಡದ ಕೆಳಗೆ ಕುಕ್ಕರಗಾಲಿನಲ್ಲಿ ಕೂತು, ಕ್ಯಾಮೆರಾ ಬಿಚ್ಚಿ ಹೇರ್‌ಪಿನ್ ಆಡಿಸುತ್ತಲೇ ಇದ್ದ. ಮುಖ ಹುಳ್ಳಗಾಗಿತ್ತು. ಆ ಮುಖ ನನಗೆ ಬೇಕು ಅನ್ನಿಸಿತು. ಮುಂದೆ ಅವನು ಏಡನ್ ಸುದ್ದಿ ತೆಗೆದಾಗಲೆಲ್ಲ ಮನೆಗೆ ಬಂದು ನೋಡಿಕೊಳ್ಳಬಹುದಲ್ಲ! ಹೊಡೆದೆ. (ಹೊಟ್ಟೆಯ ಮಟ್ಟದಲ್ಲಿ ಹಿಡಿದು ಮೇಲಿನಿಂದ ಇಣುಕುವ ಕ್ಯಾಮೆರಾ. ಕದ್ದು ಹೊಡೆಯಲು ಬಹಳ ಅನುಕೂಲ.) ಬಾಗಿಲಲ್ಲಿ ತಾಟು ಹಿಡಿದುಕೊಂಡು ನಿಂತಿದ್ದ ನೀಲಾ ಕೂಡ ಗಮನಿಸಲಿಲ್ಲ.

ಎರಡು ವಾರಕ್ಕೆ ಬಸ್ಯಾ ಸತ್ತನೆಂದು ಮಾವನ ಕಾಗದ ಬಂತು. ಅದೇ ವಾರ ಗುರುಪಾದನಿಗೆ ಕ್ಯಾಮೆರಾ ಕಂಪನಿಯ ಮುಂಬಯಿ ಏಜೆಂಟರ ಪತ್ರವೂ ಬಂತು. ಈ ಕ್ಯಾಮೆರಾ ನಮ್ಮ ಮೂಲಕ ಬಂದದ್ದಲ್ಲ, ನಮ್ಮ ಗ್ಯಾರಂಟಿ ಇದಕ್ಕಿಲ್ಲ ಎಂದು ಬರೆದಿದ್ದರು. ಗುರುಪಾದ ಅದನ್ನು ನನಗೆ ಓದಲು ಕಳಿಸಿದ. ಒಂದು ಸುದ್ದಿಗೆ ಅಳಬೇಕಾಗಿತ್ತು, ಇನ್ನೊಂದಕ್ಕೆ ನಗು ಬರುತ್ತಿತ್ತು. ನಾನು ಎರಡನೆಯದನ್ನೇ ಮೊದಲು ಓದಿದೆ.

ಪರದೇಶದಿಂದ ಸಾಮಾನು ತರುವವರೇ, ಕಾರ್ಡಿನ ಸಣ್ಣ ಅಕ್ಷರ ಓದಿರಿ. ಈ ಅಂಕಣದ ಈ ವಾರದ ಬುದ್ಧಿಮಾತು ಇಷ್ಟೇ ಆಗಿದ್ದರೆ ನಾನು ನಿಶ್ಚಿಂತೆಯಿಂದ ಪೆನ್ನು ಮುಚ್ಚುತ್ತಿದ್ದೆ.

ಆದರೆ ಕಳೆದ ರವಿವಾರ ನನ್ನ ಹೆಂಡತಿ ತವರಿಗೆ ಹೊರಟಳು. ನಾನೂ ಜೊತೆಗೆ ಹೋದೆ. ಸ್ಟುಡಿಯೋದಿಂದ ತೊಳೆದು ಬಂದ ಫೋಟೋಗಳ ಲಕೋಟೆ ಅವಳ ಚೀಲದಲ್ಲಿ ಇದ್ದದ್ದು ನನಗೆ ಗೊತ್ತಿರಲಿಲ್ಲ. ಅಪ್ಪನಿಗೆ ಮೊಮ್ಮಕ್ಕಳ ಫೋಟೋ ತೋರಿಸಲೆಂದು ಒಯ್ದಿದ್ದಳು. ಮಾವ ಒಂದೊಂದೇ ನೋಡುತ್ತ ಬಂದ. ಒಂದು ಫೋಟೋಕ್ಕೆ ನಿಂತುಬಿಟ್ಟ.

ಗುರುಪಾದ, ಹೇರ್‌ಪಿನ್ನು, ಬಿಚ್ಚಿದ ಕ್ಯಾಮೆರಾ. ಹಿಂದುಗಡೆ ಝೂಲದ ಅಂಚು, ಎರಡು ಹಿಂಗಾಲು, ಒಂದು ಬಾಲ. ಬಸ್ಯಾ ಫೋಟೋದಲ್ಲಿ ಬಂದಿದ್ದು ಅಷ್ಟೇ.

ಮಾವ ಆ ಬಾಲದ ಮೇಲೆ ಹೆಬ್ಬೆರಳು ಆಡಿಸಿದ. ಆಮೇಲೆ ಸಿಟ್ಟಿಲ್ಲದೆ, ನಿಜವಾಗಿಯೂ ತಿಳಿಯದವನ ಹಾಗೆ ನನ್ನನ್ನು ಕೇಳಿದ:

"ಗುರುಪಾದಂದು ಅವನ ಕೈಯಾಗ ಬಿಚ್ಚಿ ಬಿದ್ದೈತಿ. ಹಂಗಾದ್ರ ಇದನ್ನ ಹೊಡದದ್ದು ಯಾರ ಕ್ಯಾಮೆರಾರಿ, ಮಾಸ್ತರ?"