ಡಬ್ಬಿಯ ತಳದ ಅನ್ನ

ವಿಶಾಖಪಟ್ಟಣದ ಸೆಕೆಯಲ್ಲಿ ಬೆಳಿಗ್ಗೆ ಕಲಸಿದ ಮೊಸರನ್ನ ಸಂಜೆ ಆರಕ್ಕೆ ಏನಾಗಿರುತ್ತದೆ ಎಂದು ಬಿಡಿಸಿ ಹೇಳಬೇಕಾಗಿಲ್ಲ. ಮಗಳ ಶಾಲೆಯ ಡಬ್ಬಿಯ ಮುಚ್ಚಳ ತೆಗೆದರೆ ಗಪ್ಪನೆ ಹುಳಿ ವಾಸನೆ ಮೂಗಿಗೆ ಬಡಿಯುತ್ತಿತ್ತು. ಅನ್ನದ ಮೇಲೆ ಅವಳ ಬೆರಳಿನ ಗುರುತು, ಪಕ್ಕದಲ್ಲಿ ಅಗಿದು ಉಗುಳಿದ ಬೀನ್ಸಿನ ನಾರು. ಅದನ್ನು ನಾನು ಬ್ಯಾಂಕಿಗೆ ಉಟ್ಟ ಸೀರೆಯಲ್ಲೇ ಸಿಂಕಿನ ಮುಂದೆ ನಿಂತು ನುಂಗುತ್ತಿದ್ದೆ. ದಿನಾಲೂ. ಹೇಸಿಗೆ ಎನಿಸುತ್ತಿರಲಿಲ್ಲವೇ? ಎನಿಸುತ್ತಿತ್ತು. ಆದರೂ ನುಂಗುತ್ತಿದ್ದೆ.

ನಮ್ಮ ಧಾರವಾಡದ ಮನೆಯಲ್ಲಿ ಮಕ್ಕಳ ಎಂಜಲು ತಾಯಿಗೆ ಎಂಜಲೇ ಅಲ್ಲ. ನನ್ನ ಅವ್ವ ನಾಲ್ಕು ಮಕ್ಕಳು ಬಿಟ್ಟದ್ದನ್ನೇ ಬಳಿದು ತಿಂದು ಏಳುತ್ತಿದ್ದಳು. ಬಂದವರೆಲ್ಲ ಅವಳನ್ನು ಹೊಗಳಿ ಹೋಗುತ್ತಿದ್ದರು. ಈಗಲೂ ಫೋನಿನಲ್ಲಿ, "ಅನ್ನಾ ಚೆಲ್ಲಬ್ಯಾಡವಾ, ಕೂಸಿನ ಎಂಜಲಾ ಒಂದ್ ಎಂಜಲೇನು?" ಎನ್ನುತ್ತಾಳೆ. ಗಂಡ ಹೆಂಡತಿ ಇಬ್ಬರೂ ಬ್ಯಾಂಕಿನವರಾದ ನಮಗೆ ಒಂದೇ ವರ್ಷ ವರ್ಗಾವಣೆಯಾಗಿ, ಇವರು ವಿಜಯವಾಡದಲ್ಲಿ, ನಾನು ಮತ್ತು ಏಳು ವರ್ಷದ ಮಗಳು ವಿಶಾಖದಲ್ಲಿ ಉಳಿದ ಮೇಲೆ, ಆ ರೂಢಿ ನನಗೆ ಸರಿಯಾಗಿ ಅಂಟಿಕೊಂಡಿತು. ಬೆಳಿಗ್ಗೆ ಅವಳಿಗಷ್ಟೇ ಅಡುಗೆ. ಮಧ್ಯಾಹ್ನ ನನಗೆ ಚಹಾ ಮತ್ತು ಬಿಸ್ಕತ್ತು. ಸಂಜೆ ಅವಳ ಡಬ್ಬಿ, ಆಮೇಲೆ ಅವಳು ತಟ್ಟೆಯಲ್ಲಿ ಬಿಟ್ಟದ್ದು. ನನ್ನದು ಅಂತ ಒಂದು ತಟ್ಟೆಯನ್ನು ಕಪಾಟಿನಿಂದ ತೆಗೆದು ತಿಂಗಳುಗಳೇ ಆಗಿದ್ದವು.

ಹಾಗೆ ಬದುಕಿದವಳು ನೆಟ್ಟಗಿರುತ್ತಾಳೆಯೇ? ಬಾಗಿಲ ಗಂಟೆ ಬಾರಿಸಿದರೆ ಸಿಡುಕು, ಮಗಳು ಎರಡು ಸಲ ಕರೆದರೆ ಸಿಡುಕು. ಸ್ನಾನದ ಮನೆಯಲ್ಲಿ ನಲ್ಲಿ ತಿರುಗಿಸಿ ಅಳುವುದು. ಪೋಷಕರ ವಾಟ್ಸಾಪ್ ಗುಂಪಿನಲ್ಲಿ ಮಾತ್ರ ಕೈಮುಗಿಯುವ ಚಿತ್ರ ಹಾಕುತ್ತಿದ್ದೆ, ಥೂ.

ಒಂದು ದಿನ ಬ್ಯಾಂಕಿನವರು ಪೋಷಕರ ಮಾನಸಿಕ ಆರೋಗ್ಯ ಅಂತ ಒಂದು ಆನ್‌ಲೈನ್ ಉಪನ್ಯಾಸ ಇಟ್ಟರು. ಹಾಜರಾತಿ ಕಡ್ಡಾಯ. ಪರದೆಯ ಮೇಲೆ ನುಣುಪು ಗಲ್ಲದ ಒಬ್ಬಾತ ಉಸಿರನ್ನು ಒಳಗೆ ಎಳೆದುಕೊಳ್ಳಿ, ಹೊರಗೆ ಬಿಡಿ ಎನ್ನುತ್ತಿದ್ದ. ಕೌಂಟರಿನಾಚೆ ಸಾಲಿನಲ್ಲಿದ್ದವರು "ಎಂತಸೇಪಮ್ಮಾ?" ಎಂದು ಕೂಗುತ್ತಿದ್ದರು. ಇನ್ನೂ ಎಷ್ಟು ಹೊತ್ತು ಎಂದು ನನಗೂ ಕೇಳಬೇಕೆನಿಸಿತ್ತು. ಅಷ್ಟರಲ್ಲಿ ಆತ, "ಈ ದಿನ ನೀವು ಕೂತು ಊಟ ಮಾಡಿದಿರಾ?" ಎಂದು ಕೇಳಿದ. ಎದ್ದು ಹೋಗಿ ಮುಖ ತೊಳೆದುಕೊಂಡು ಬಂದೆ. ಇಂಥವನ ಮಾತಿಗೂ ಅಳು ಬರುವ ಮಟ್ಟಕ್ಕೆ ಇಳಿದೆನಲ್ಲ ಎಂದು ಅಸಹ್ಯವಾಯಿತು.

ಅದೇ ವಾರ ಮಗಳ ಟೀಚರ್ ಕರೆಸಿದರು. ಮಗು ಸಣ್ಣಗಾಗುತ್ತಿದೆ, ಡಬ್ಬಿಯಲ್ಲಿ ಅರ್ಧ ತಿಂದು ಮುಚ್ಚಿಬಿಡುತ್ತಾಳೆ ಎಂದರು. ಮೈಯೆಲ್ಲ ಉರಿಯಿತು. ನಸುಕಿಗೆದ್ದು ಮಾಡುವವಳು ನಾನು, ದಿನಾ ಹಳಸಿದ್ದನ್ನು ನುಂಗುವವಳು ನಾನು! ಗುರುವಾರ ಸಂಜೆ ಮುಚ್ಚಳ ತೆಗೆದಾಗ ಮತ್ತೆ ಅರ್ಧ ಅನ್ನ. "ತಿನ್ನಾಕ ಏನ್ ರೋಗ ನಿನಗ?" ಎಂದು ಕೆನ್ನೆಗೆ ಬಾರಿಸಿದೆ. ಅವಳು ಅಳಲಿಲ್ಲ, ಡಬ್ಬಿಯನ್ನೇ ನೋಡುತ್ತಾ ನಿಂತಳು. ಕೆನ್ನೆಯ ಮೇಲೆ ನಾಲ್ಕು ಬೆರಳು ಮೂಡಿದ್ದವು. ನನ್ನ ಕೈಯನ್ನು ಸೋಪು ಹಾಕಿ ಎರಡು ಸಲ ತೊಳೆದೆ, ವಾಸನೆ ಹೋದಂತೆ ಅನಿಸಲಿಲ್ಲ.

ಶನಿವಾರ ರಜೆಯಿತ್ತು. ಬೆಳಗಿನ ರೈಲು ಹಿಡಿದು ಇಬ್ಬರೂ ವಿಜಯವಾಡಕ್ಕೆ ಹೋದೆವು. ಇವರು ಆಟೋನಗರದ ಹತ್ತಿರ, ತಾವು ದಿನಾ ಉಣ್ಣುವ ಮೆಸ್ಸಿಗೆ ಕರೆದುಕೊಂಡು ಹೋದರು. ಲಾರಿ ಮೆಕ್ಯಾನಿಕರು ಕೈಯ ಗ್ರೀಸು ಉಜ್ಜಿ ತೊಳೆದುಕೊಂಡು, ಆರಾಮಾಗಿ ಕೂತು, ತುಪ್ಪ ಹಾಕಿಸಿಕೊಂಡು ಪಪ್ಪು ಎನ್ನುವ ಇಲ್ಲಿಯ ತೊವ್ವೆಯನ್ನು ಅನ್ನಕ್ಕೆ ಕಲಸುತ್ತಿದ್ದರು. ಇವರು ಬಡಿಸುವವನಿಗೆ ಎರಡು ಊಟ ಹೇಳಿ, ನನ್ನ ಕಡೆ ತಿರುಗಿ, "ನಿಮಗಿಬ್ಬರಿಗೂ ಒಂದು ಸಾಕಲ್ಲ? ಹೆಂಗೂ ಅಕಿ ಬಿಟ್ಟಿದ್ದು ನೀನ ತಿಂತಿ," ಎಂದರು. ಕೆಟ್ಟ ಮನಸ್ಸಿನಿಂದ ಹೇಳಿದ್ದಲ್ಲ. ಅದಕ್ಕೇ ಇನ್ನೂ ವಾಕರಿಕೆ ಬಂತು.

ತಟ್ಟೆ ಬಂತು. ಮಗಳು ಅನ್ನದ ನಡುವೆ ಬೆರಳಿನಿಂದ ಗೆರೆ ಎಳೆದಳು. ಒಂದು ಬದಿಯದನ್ನು ಒಂದಗುಳೂ ಬಿಡದೆ ತಿಂದಳು. ಆಮೇಲೆ ತಟ್ಟೆಯನ್ನು ನನ್ನ ಕಡೆ ಸರಿಸಿದಳು.

"ಪೂರ್ತಿ ತಿನ್ನು," ಎಂದೆ ಹಲ್ಲು ಕಚ್ಚಿ.

"ಅದು ನಿಂದು ಅಮ್ಮಾ."

"ನಂದ್ಯಾಕ?"

"ಡಬ್ಯಾಗೂ ಇಡ್ತೀನಲ್ಲ. ನೀ ಬ್ಯಾರೆ ಏನೂ ತಿನ್ನಂಗಿಲ್ಲ. ನಾ ಎಲ್ಲಾ ತಿಂದ್ರ ನಿಂಗ ಆಕಲಿ ಆಗ್ತದ."

ಹಸಿವು ಎನ್ನುವುದಕ್ಕೆ ಅವಳ ಬಾಯಲ್ಲಿ ತೆಲುಗಿನ ಆಕಲಿಯೇ ಬರುತ್ತದೆ. ಇವರ ಕೈಯ ತುತ್ತು ಅಲ್ಲೇ ನಿಂತಿತು.

"ಮತ್ತ ಅವತ್ತ ಯಾಕ ಹೇಳಲಿಲ್ಲ?" ಎಂದೆ.

"ಇನ್ನೊಂದ್ ಹೊಡೀತಿ ಅಂತ."

ಇಷ್ಟು ದಿನ ನಾನು ತ್ಯಾಗ ಎಂದುಕೊಂಡು ನುಂಗಿದ್ದು ಮಗಳ ಬಾಯಿಂದ ಕಿತ್ತ ತುತ್ತು. ಅವಳನ್ನು ಉಪವಾಸ ಕೆಡವಿ, ಅದಕ್ಕೆ ಅವಳನ್ನೇ ಹೊಡೆದೆ.

ಬಡಿಸುವವನನ್ನು ಕರೆದು ಇನ್ನೊಂದು ಊಟ ತರಲು ಹೇಳಿದೆ. ಧ್ವನಿ ಎಷ್ಟು ಜೋರಾಗಿತ್ತೆಂದರೆ ಪಕ್ಕದ ಮೆಕ್ಯಾನಿಕರು ತಿರುಗಿ ನೋಡಿದರು. ಬಿಸಿ ಅನ್ನ, ಪಪ್ಪು, ಗೋಂಗುರ ಚಟ್ನಿ ನನ್ನ ಮುಂದೆ ಬಂದವು. ಕಲಸಿ ಒಂದು ತುತ್ತು ಬಾಯಿಗಿಟ್ಟೆ, ರುಚಿ ಗೊತ್ತಾಗಲಿಲ್ಲ. ಮಗಳು ಅದನ್ನು ನೋಡಿ ತನ್ನ ತಟ್ಟೆಯನ್ನು ಮೆಲ್ಲಗೆ ಹಿಂದಕ್ಕೆಳೆದುಕೊಂಡು, ಗೆರೆಯಾಚೆಯ ಅನ್ನಕ್ಕೆ ಕೈ ಹಾಕಿದಳು. ಅದನ್ನು ಮುಗಿಸಿ ಇನ್ನಷ್ಟು ಅನ್ನ ಕೇಳಿ ಹಾಕಿಸಿಕೊಂಡಳು. ಪ್ರತಿ ತುತ್ತಿಗೂ ನನ್ನ ತಟ್ಟೆಯ ಕಡೆ ಒಮ್ಮೆ ನೋಡುತ್ತಿದ್ದಳು. ಕಣ್ಣೊರೆಸಿಕೊಳ್ಳಲು ನಾನು ಊಟ ನಿಲ್ಲಿಸಿದೆ. ಅವಳ ಕೈಯೂ ನಿಂತಿತು. ನಾನು ಮತ್ತೆ ತುತ್ತು ಕಲಸಿದೆ.