ಕಾಯಿ ಮುಟ್ಟದವಳು

ಮಣಿಪಾಲದಲ್ಲಿ ನಾನು ಕೆಲಸ ಮಾಡುತ್ತಿದ್ದ ಆಫೀಸಿಗೆ ಎಂಬತ್ತರ ದಶಕದ ಕೊನೆಯ ಹೊತ್ತಿಗೆ ಹೊಸದೊಂದು ಹುಮ್ಮಸ್ಸು ಬಂತು. ಸಂಸ್ಥೆಯಲ್ಲಿ ಪ್ರಾಮಾಣಿಕತೆಯನ್ನು ಬೆಳೆಸುವುದು ಹೇಗೆ ಎಂದು ಹೇಳಿಕೊಡಲು ಹೊರಗಿನಿಂದ ಒಬ್ಬರನ್ನು ಕರೆಸಿದ್ದರು. ಟೈ ಕಟ್ಟಿದ ಮನುಷ್ಯ, ಮಾತು ಚೆನ್ನಾಗಿತ್ತು. ಊಟಕ್ಕೆ ಬಿಡುವ ಮೊದಲು ಎಲ್ಲರೂ ಎದ್ದು ನಿಂತು, ಬಲಗೈ ಮುಂದೆ ಚಾಚಿ ಪ್ರತಿಜ್ಞೆ ಮಾಡಬೇಕು ಎಂದರು. ನಾನು ತಲೆನೋವೆಂದು ಹೇಳಿ ಹೊರಗೆ ಬಂದು ಕಿಟಕಿಯ ಹತ್ತಿರ ನಿಂತೆ. ಒಳಗಿನಿಂದ ಎಲ್ಲರ ಸ್ವರ ಒಟ್ಟಿಗೆ ಕೇಳುತ್ತಿತ್ತು. ನನಗೆ ತಲೆನೋವಿರಲಿಲ್ಲ, ಸಿಟ್ಟು ಬಂದಿತ್ತು. ಜನರನ್ನು ಸಾಲಾಗಿ ನಿಲ್ಲಿಸಿ ಆಣೆ ಹಾಕಿಸುವವರನ್ನು ಕಂಡರೆ ನನಗೆ ಇವತ್ತಿಗೂ ಮೈ ಉರಿಯುತ್ತದೆ. ಅದಕ್ಕೆ ಕಾರಣ ನನ್ನ ಅಮ್ಮ.

ಅಮ್ಮ ಕಾರ್ಕಳದ ಹತ್ತಿರ ಒಂದು ಗೇರುಬೀಜದ ಕಾರ್ಖಾನೆಗೆ ಹೋಗುತ್ತಿದ್ದಳು. ಅಪ್ಪ ಬೊಂಬಾಯಿಯ ಹೋಟೆಲಿನಲ್ಲಿದ್ದರು, ವರ್ಷಕ್ಕೊಮ್ಮೆ ಬರುತ್ತಿದ್ದರು. ಮನೆ ನಡೆಯುತ್ತಿದ್ದದ್ದು ಅಮ್ಮನಿಂದ. ಬೀಜ ಒಡೆಯುವ ಕಡೆ ಶುರುಮಾಡಿ, ಅದರ ಚಿಪ್ಪಿನ ಸುಡುವ ಎಣ್ಣೆಯಲ್ಲಿ ಕೈ ಕಪ್ಪಾಗಿ ಸುಲಿದು, ಆಮೇಲೆ ಸಿಪ್ಪೆ ತೆಗೆಯುವಲ್ಲಿಗೆ ಬಂದು, ಕೊನೆಗೆ ಟಿನ್ನು ತುಂಬಿಸುವ ಕೋಣೆಯ ಹಿರಿಯಳಾಗಿದ್ದಳು. ಆ ಟಿನ್ನುಗಳು ಹಡಗು ಹತ್ತಿ ಹೊರದೇಶಕ್ಕೆ ಹೋಗುತ್ತಿದ್ದವು.

ಸಂಜೆ ಕೆಲಸ ಬಿಟ್ಟ ಮೇಲೆ ಗೇಟಿನಲ್ಲಿ ತಪಾಸಣೆ. ಬುತ್ತಿಯ ಡಬ್ಬ ಬೋರಲು ಹಾಕಬೇಕು, ಸೆರಗು ಕೊಡವಬೇಕು, ಮುಡಿ ಬಿಚ್ಚಿ ತೋರಿಸಬೇಕು. ಅದಕ್ಕೆಂದೇ ಒಬ್ಬಳು ಹೆಂಗಸನ್ನು ಇಟ್ಟಿದ್ದರು. ಅಮ್ಮ ಇದನ್ನು ಮನೆಯಲ್ಲಿ ಹೇಳಿದವಳಲ್ಲ. ಒಂದು ಮಳೆಯ ದಿನ ಕೊಡೆ ಕೊಡಲು ಗೇಟಿಗೆ ಹೋದಾಗ ನಾನೇ ಕಂಡೆ. ಅವಳು ತಲೆ ತಗ್ಗಿಸಿ ಮುಡಿ ಬಿಚ್ಚುತ್ತಿದ್ದಳು. ನನ್ನನ್ನು ಕಂಡು ಮುಖ ಆಚೆ ತಿರುಗಿಸಿದಳು.

ಎಪ್ಪತ್ತರ ದಶಕದ ಕೊನೆಯಲ್ಲಿ ಹಳೆಯ ಧನಿ ತೀರಿಕೊಂಡು ಅವರ ಮಗ ಕಾರ್ಖಾನೆಯನ್ನು ವಹಿಸಿಕೊಂಡರು. ಓದಿದವರು, ಸೌಮ್ಯ ಸ್ವಭಾವದವರು. ಬೀಜ ಒಡೆಯುವ ಹೆಂಗಸರನ್ನು 'ನೀವು' ಎಂದು ಕರೆದ ಮೊದಲ ಧನಿ ಅವರೇ. ಬಂದ ಸ್ವಲ್ಪ ಸಮಯದಲ್ಲೇ ಎಲ್ಲರನ್ನೂ ಅಂಗಳದಲ್ಲಿ ಸೇರಿಸಿ, ನಾಳೆಯಿಂದ ತಪಾಸಣೆ ಇಲ್ಲ, ಈ ಕಾರ್ಖಾನೆ ಇನ್ನು ನಂಬಿಕೆಯ ಮೇಲೆ ನಡೆಯುತ್ತದೆ ಎಂದರು. ಮರುದಿನ ಸಂಜೆ ಅಮ್ಮ ಕಟ್ಟಿದ ಮುಡಿ ಕಟ್ಟಿದ ಹಾಗೇ ಮನೆಗೆ ಬಂದಳು. ಹಾಡಿನ ಒಂದು ಸಾಲನ್ನು ಗುನುಗುತ್ತ ಒಲೆ ಹೊತ್ತಿಸಿದಳು. ಅವರು ಕೆಟ್ಟವರೆಂದು ಬರೆದು ಮುಗಿಸಿಬಿಟ್ಟರೆ ನನಗೆ ಸುಲಭವಾಗುತ್ತಿತ್ತು. ಆದರೆ ಆ ಸಂಜೆಯನ್ನು ನಾನು ಮರೆಯಲಾರೆ.

ಮಳೆಗಾಲದಲ್ಲಿ ಗೋದಾಮಿನ ಒಂದು ಮೂಲೆಗೆ ನೀರಿಳಿದು ಹಿಂದಿನ ಸಲದ ಮಾಲಿಗೆ ಥಂಡಿ ಹಿಡಿದು ಮುಗ್ಗಲು ವಾಸನೆ ಬಂತು. ಅದನ್ನು ಎಸೆಯಲು ಧನಿಗೆ ಮನಸ್ಸು ಬರಲಿಲ್ಲ. ಟಿನ್ನಿನ ಅಡಿಗೂ ಮೇಲಕ್ಕೂ ಒಳ್ಳೆಯದನ್ನು ಹಾಕಿ ನಡುವೆ ಇದನ್ನು ತುಂಬಿಸಿ ಎಂದರು. ಇದೊಂದು ಸಲ ಮಾತ್ರ, ವ್ಯಾಪಾರದಲ್ಲಿ ಇದೆಲ್ಲ ಉಂಟು ಎಂದರಂತೆ. ಅಮ್ಮ ಮತ್ತು ಅವಳ ಕೋಣೆಯ ಹೆಂಗಸರು ಹೇಳಿದ ಹಾಗೆ ತುಂಬಿಸಿದರು. ಆ ಕೋಣೆಯಲ್ಲಿ ಅಮ್ಮನಿಗೆ ಬಹಳ ಹತ್ತಿರದವಳೊಬ್ಬಳಿದ್ದಳು. ಕಾಪುವಿನವಳು, ಗಂಡ ತೀರಿದ ಮೇಲೆ ಮಕ್ಕಳನ್ನು ತಾಯಿಯ ಹತ್ತಿರ ಬಿಟ್ಟು, ಕಾರ್ಕಳದಲ್ಲಿ ತಮ್ಮನ ಮನೆಯಲ್ಲಿದ್ದು ಕೆಲಸಕ್ಕೆ ಬರುತ್ತಿದ್ದಳು. ಅಮ್ಮನನ್ನು ಅಕ್ಕ ಎಂದು ಕರೆಯುತ್ತಿದ್ದಳು. ಮಧ್ಯಾಹ್ನ ಇಬ್ಬರ ಬುತ್ತಿಯೂ ಒಂದೇ ಎಲೆಯಲ್ಲಿ.

ಮಳೆ ಮುಗಿದ ಮೇಲೆ ಗೋದಾಮಿನಿಂದ ಕೆಲವು ಟಿನ್ನುಗಳು ಕಾಣೆಯಾದವು. ಗೇಟಿನ ತಪಾಸಣೆ ಮತ್ತೆ ಶುರುವಾಗಬೇಕು ಎಂದು ಮ್ಯಾನೇಜರು ಹಟ ಹಿಡಿದರು. ಧನಿಗೆ ಅದು ಇಷ್ಟವಿರಲಿಲ್ಲ. ಯೋಚನೆ ಮಾಡಿ ಅವರು ಕಂಡುಕೊಂಡ ದಾರಿ ನಮ್ಮ ಊರಿನದೇ. ಕಾರ್ಖಾನೆಯ ಹಿಂದೆ ದೈವದ ಗುಡಿಯಿತ್ತು. ಅಲ್ಲಿ ದೀಪದೆದುರು ತೆಂಗಿನಕಾಯಿ ಇಟ್ಟು, ಕೆಲಸದವರೆಲ್ಲ ಒಬ್ಬೊಬ್ಬರಾಗಿ ಅದನ್ನು ಮುಟ್ಟಿ ಪ್ರಮಾಣ ಮಾಡುವುದು. ಬ್ಯಾರಿ ಮುಸ್ಲಿಂ ಹೆಂಗಸರೂ ಕ್ರಿಶ್ಚಿಯನ್ ಹೆಂಗಸರೂ ಅವರವರ ದೇವರ ಹೆಸರಿನಲ್ಲಿ ಹೇಳಿದರೆ ಸಾಕು.

ನಮ್ಮ ಕಡೆಯವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಕೋರ್ಟಿನ ಕಟಕಟೆಯಲ್ಲಿ ನಿಂತು ಸರಾಗವಾಗಿ ಸುಳ್ಳು ಹೇಳುವವರೂ ದೈವದ ಎದುರು ಕಾಯಿ ಮುಟ್ಟಲು ಹಿಂದೆ ಸರಿಯುತ್ತಾರೆ. ಸುಳ್ಳು ಪ್ರಮಾಣದ ಫಲ ಹೇಳಿದವರನ್ನು ಬಿಟ್ಟು ಅವರ ಮಕ್ಕಳಿಗೆ ತಟ್ಟುತ್ತದೆ ಎಂಬುದು ಎಲ್ಲರ ಎದೆಯೊಳಗೆ ಕೂತ ಹೆದರಿಕೆ.

ಹೇಳಬೇಕಾದ ಮಾತನ್ನು ಧನಿ ತಾವೇ ಬರೆದಿದ್ದರು. ಇಲ್ಲಿಂದ ನಾನು ಏನನ್ನೂ ಕದ್ದಿಲ್ಲ ಎಂಬುದು ಮೊದಲನೆಯ ಮಾತು. ಅಷ್ಟಕ್ಕೇ ನಿಲ್ಲಿಸಿದ್ದರೆ ಆಗುತ್ತಿತ್ತು. ಆದರೆ ಅವರಿಗೆ ಆದರ್ಶದ ಹುಚ್ಚು. ಇಲ್ಲಿಯ ಮಾಲಿನಲ್ಲಿ ನಾನು ಯಾವ ಮೋಸವನ್ನೂ ಮಾಡಿಲ್ಲ ಎಂದು ಎರಡನೆಯ ಮಾತನ್ನೂ ಸೇರಿಸಿದರು. ಬರೆಯುವಾಗ ಅವರಿಗೆ ಆ ಥಂಡಿ ಹಿಡಿದ ಬೀಜದ ನೆನಪು ಬರಲೇ ಇಲ್ಲ ಎಂದು ನಾನು ಈಗಲೂ ನಂಬಿದ್ದೇನೆ. ನೆನಪಿದ್ದೂ ಬರೆಯುವಷ್ಟು ದುಷ್ಟರಲ್ಲ. ಮೋಸ ಎಂದರೆ ಕೆಲಸದವರು ಮಾಡುವುದು, ತಾವು ಮಾಡಿದ್ದು ವ್ಯಾಪಾರ. ಅವರ ತಲೆಯಲ್ಲಿ ಇವೆರಡೂ ಬೇರೆ ಬೇರೆ ಕೋಣೆಗಳಲ್ಲಿದ್ದವು, ನಡುವೆ ಬಾಗಿಲಿರಲಿಲ್ಲ.

ಟಿನ್ನಿನ ಕೋಣೆಯವರ ಸರದಿ ಕೊನೆಗೆ ಬಂತು. ಅಮ್ಮ ಹಿರಿಯಳಾದ್ದರಿಂದ ಎಲ್ಲರಿಗಿಂತ ಹಿಂದೆ ನಿಂತಿದ್ದಳು. ಕಾಪುವಿನವಳು ಅವಳ ಮುಂದೆ. ಒಬ್ಬೊಬ್ಬರೂ ಕಾಯಿ ಮುಟ್ಟಿ ಎರಡೂ ಮಾತು ಹೇಳಿ ಈಚೆ ಬಂದರು. ಅಮ್ಮ ಗುಡಿಯ ಮುಂದೆ ಹೋಗಿ, ಕೈ ಮುಗಿದು, ಕಾಯಿ ಮುಟ್ಟದೆ ಹಿಂದೆ ಬಂದಳು. ಯಾಕೆಂದು ಕೇಳಿದ್ದಕ್ಕೆ, "ನನ್ನಿಂದ ಆಗುವುದಿಲ್ಲ" ಎಂದಳಂತೆ. ಅಷ್ಟೇ. ಅಲ್ಲಿದ್ದವರೆಲ್ಲರಿಗೆ ಕಳ್ಳಿ ಸಿಕ್ಕಿದಳು.

ನಾನಾಗ ಕಾರ್ಕಳದಲ್ಲಿ ಕಾಲೇಜಿಗೆ ಹೋಗುತ್ತಿದ್ದೆ. ನಾನು ಮನೆ ಸೇರುವ ಮೊದಲೇ ಸುದ್ದಿ ನನ್ನನ್ನು ಬಸ್ಸಿನಲ್ಲಿ ಹಿಡಿಯಿತು. ಅಮ್ಮ ಹಟ್ಟಿಯಲ್ಲಿ ಹಸುವಿಗೆ ಹುಲ್ಲು ಹಾಕುತ್ತಿದ್ದಳು. ನಾನು ಕೇಳಿ ಕೇಳಿ ಅವಳನ್ನು ಗೋಳು ಹೊಯ್ದುಕೊಂಡ ಮೇಲೆ ಥಂಡಿ ಹಿಡಿದ ಬೀಜದ ಸಂಗತಿ ಹೇಳಿದಳು.

"ಮೊದಲನೆಯ ಮಾತು ಹೇಳಬಹುದಿತ್ತು. ಎರಡನೆಯದು ಹೇಗೆ ಹೇಳುವುದು? ಈ ಕೈಯಲ್ಲೇ ತುಂಬಿಸಿದ್ದಲ್ವಾ?"

"ಹಾಗೆಂದು ಅಲ್ಲಿಯೇ ಹೇಳಲಿಕ್ಕೆ ಎಂತ ಆಗಿತ್ತು ನಿನಗೆ?" ಎಂದೆ.

"ಇದು ನಿನ್ನ ಹೊಟ್ಟೆಯೊಳಗೇ ಇರಲಿ" ಎಂದಳು. ನನ್ನ ಕೈ ಹಿಡಿದು ಮಾತು ತೆಗೆದುಕೊಂಡಳು.

ಕೆಲಸ ಹೋಯಿತು. ಗೇಟಿನಲ್ಲಿ ತಪಾಸಣೆ ಮತ್ತೆ ಬಂತು. ಮುಡಿ ಬಿಚ್ಚುವಾಗಲೆಲ್ಲ ಹೆಂಗಸರು ಅಮ್ಮನಿಗೆ ಶಾಪ ಹಾಕುತ್ತಿದ್ದರಂತೆ. ಅಮ್ಮ ಮನೆಯಲ್ಲೇ ಬೀಡಿ ಕಟ್ಟತೊಡಗಿದಳು.

ಒಂದು ಭಾನುವಾರ ಧನಿಯ ಕಾರು ನಮ್ಮ ಗದ್ದೆಯ ಬದಿಗೆ ಬಂದು ನಿಂತಿತು. ಅವರು ಜಗಲಿಯಲ್ಲಿ ಕೂತು ನೀರು ಬೆಲ್ಲ ತೆಗೆದುಕೊಂಡರು. ನಾನು ಬಾಗಿಲ ಹಿಂದೆ ನಿಂತಿದ್ದೆ.

"ನೀವು ತೆಗೆದಿಲ್ಲ ಅಂತ ನನಗೆ ಗೊತ್ತುಂಟು" ಎಂದರು. "ಎಲ್ಲರ ಎದುರು ಬಂದು ಮೊದಲನೆಯ ಮಾತು ಮಾತ್ರ ಹೇಳಿ. ಎರಡನೆಯದು ಬೇಡ. ನಾಳೆಯಿಂದಲೇ ಕೆಲಸಕ್ಕೆ ಬನ್ನಿ."

ಅಮ್ಮ ಬೆಲ್ಲದ ತಟ್ಟೆಯನ್ನು ಅವರ ಹತ್ತಿರ ಸರಿಸಿದಳು. ಆಮೇಲೆ, "ಎರಡನೆಯದನ್ನು ಯಾಕೆ ಬಿಟ್ಟಳು ಅಂತ ಜನ ಕೇಳುತ್ತಾರೆ ಧನಿಗಳೇ. ಕೇಳಿದರೆ ನಾನು ಎಂತ ಹೇಳಲಿ?" ಎಂದಳು.

ಧನಿ ಲೋಟದೊಳಗೆ ನೋಡುತ್ತ ಕೂತರು. ಅದಕ್ಕೊಂದು ಉತ್ತರ ಇತ್ತು, ಅದನ್ನು ಅವರೇ ಕೊಡಬಹುದಿತ್ತು. ಕೊಡಲಿಲ್ಲ. ಉಳಿದ ನೀರು ಕುಡಿದು, ಅಮ್ಮನಿಗೆ ಕೈ ಮುಗಿದು ಹೊರಟುಹೋದರು. ಮುಂದೆ ಉಡುಪಿಯ ಸಭೆಗಳಲ್ಲಿ ವ್ಯಾಪಾರ ಮತ್ತು ಧರ್ಮ ಎಂದು ಭಾಷಣ ಮಾಡುವಷ್ಟು ದೊಡ್ಡವರಾದರು. ನಾನೊಮ್ಮೆ ಹಿಂದಿನ ಸಾಲಿನಲ್ಲಿ ಕೂತು ಕೇಳಿದ್ದೇನೆ. ಒಳ್ಳೆಯ ಭಾಷಣ.

ಆ ದಿನದಿಂದ ನನ್ನ ಸಿಟ್ಟು ಅಮ್ಮನ ಮೇಲೆ ತಿರುಗಿತು. ಧನಿಯ ಮಾನ ಉಳಿಸಲು ಇವಳು ತನ್ನ ಮಾನ ಕಳೆದುಕೊಂಡಳು, ಉಪ್ಪು ತಿಂದ ಋಣ ಎಂದು ಬಾಯಿ ಮುಚ್ಚಿ ಕೂತಳು ಎಂದೇ ತಿಳಿದೆ. ಹಂಗಿಸಿದ್ದೂ ಉಂಟು. ಅವಳು ಬೀಡಿಯ ಎಲೆ ಕತ್ತರಿಸುತ್ತಲೇ ಇರುತ್ತಿದ್ದಳು. ಮೊದಲು ಮದುವೆಯ ಮನೆಗಳಲ್ಲಿ ಉಗ್ರಾಣದ ಬೀಗದಕೈ ಅಮ್ಮನ ಸೊಂಟದಲ್ಲಿರುತ್ತಿತ್ತು. ಅಕ್ಕಿ, ಬೆಲ್ಲ, ತುಪ್ಪ ಎಲ್ಲ ಅವಳ ಕೈಯಿಂದಲೇ ಹೊರಗೆ ಬರಬೇಕು. ಆ ಮೇಲೆ ಯಾರೂ ಅವಳನ್ನು ಉಗ್ರಾಣಕ್ಕೆ ಕರೆಯಲಿಲ್ಲ. ಊಟದ ಹೊತ್ತಿಗೆ ಹೋಗಿ, ಉಂಡ ಕೂಡಲೇ ಬರುತ್ತಿದ್ದಳು.

ನಾನು ಮಣಿಪಾಲದಲ್ಲಿ ಕೆಲಸಕ್ಕೆ ಸೇರಿದ ಮೇಲೆ ಕಾಪುವಿನವಳ ಮಗಳ ಮದುವೆ ಬಂತು. ಅವಳು ಅಷ್ಟರಲ್ಲಿ ಕಾರ್ಖಾನೆ ಬಿಟ್ಟು ಊರಿಗೆ ಹೋಗಿದ್ದಳು. ಕಾಗದ ಕಳಿಸದೆ ತಾನೇ ಬಂದು ಕರೆದು ಹೋಗಿದ್ದಳು. ಅಮ್ಮ ಮದುವೆಯ ಹಿಂದಿನ ದಿನವೇ ಹೊರಟಳು, ನನ್ನನ್ನೂ ಎಳೆದುಕೊಂಡು. ಉಡುಪಿಯಲ್ಲಿ ಬಸ್ಸು ಬದಲಿಸುವಾಗ ಮದುಮಗಳಿಗೆಂದು ಬಾಳೆನಾರಿನಲ್ಲಿ ಕಟ್ಟಿದ ಮಲ್ಲಿಗೆಯ ಅಟ್ಟೆ ಕೊಂಡಳು. ಆ ಮನೆಯಲ್ಲಿ ಅಮ್ಮನಿಗೆ ಕೆಲಸ ಸಿಗುತ್ತದೆ, ಅವಳ ಕೋಣೆಯಲ್ಲೇ ದುಡಿದವಳಿಗೆ ಎಲ್ಲ ಗೊತ್ತಿದೆಯಲ್ಲ ಎಂದು ನಾನೂ ಎಣಿಸಿದ್ದೆ.

ಅಂಗಳದಲ್ಲಿ ಸಮುದ್ರದ ಸದ್ದು ಕೇಳುತ್ತಿತ್ತು. ಕಾಪುವಿನವಳು ಓಡಿ ಬಂದು ಅಮ್ಮನ ಎರಡೂ ಕೈ ಹಿಡಿದಳು. ಕಣ್ಣಲ್ಲಿ ನೀರಿತ್ತು. ಅಮ್ಮ ಸೆರಗು ಸೊಂಟಕ್ಕೆ ಸಿಕ್ಕಿಸಿ ಒಳಗಿನ ಉಗ್ರಾಣದ ಕಡೆ ಹೆಜ್ಜೆ ಹಾಕಿದಳು. ಕಾಪುವಿನವಳು ಬಾಗಿಲಿಗೆ ಅಡ್ಡ ನಿಂತಳು.

"ಅಲ್ಲಿ ಬೇಡ ಅಕ್ಕ. ನೀವು ದೂರದಿಂದ ಬಂದಿದ್ದೀರಿ, ಕೂತುಕೊಳ್ಳಿ."

ಹೇಳುವಾಗ ಅಮ್ಮನ ಮುಖ ನೋಡಲಿಲ್ಲ. ಬೀಗದಕೈಯನ್ನು ನಿನ್ನೆ ಮೊನ್ನೆ ಪಕ್ಕದ ಮನೆಗೆ ಸೊಸೆಯಾಗಿ ಬಂದ ಹುಡುಗಿಯೊಬ್ಬಳ ಕೈಗೆ ಕೊಟ್ಟಳು. ಅಮ್ಮ ಸೆರಗನ್ನು ಸೊಂಟದಿಂದ ಬಿಡಿಸಿಕೊಂಡು ಚಾಪೆಯ ಮೇಲೆ ಕೂತಳು. ನನಗೆ ನೆತ್ತಿಗೇರಿತು. ನೀನೂ ಅದೇ ಟಿನ್ನು ತುಂಬಿಸಿದವಳಲ್ಲವೇ ಎಂದು ಎಲ್ಲರ ಎದುರು ಕೇಳಲು ಎದ್ದೆ. ಅಮ್ಮ ನನ್ನ ಮಣಿಕಟ್ಟನ್ನು ಎಷ್ಟು ಬಿಗಿಯಾಗಿ ಹಿಡಿದಳೆಂದರೆ ಅವಳ ಉಗುರು ಊರಿತು. ಮರುದಿನ ಧಾರೆ ಮುಗಿಯುವ ತನಕ ನನ್ನನ್ನು ಪಕ್ಕದಿಂದ ಏಳಲು ಬಿಡಲಿಲ್ಲ.

ವಾಪಸು ಬರುವಾಗ ಉಡುಪಿಯಲ್ಲಿ ಕಾರ್ಕಳದ ಬಸ್ಸಿನಲ್ಲಿ ಕಿಟಕಿಯ ಬದಿ ಸಿಕ್ಕಿತು. ಮಣಿಪಾಲ ದಾಟಿತು, ಪರ್ಕಳ ದಾಟಿತು. ನಾನು ಮುಖ ಊದಿಸಿಕೊಂಡು ಕೂತಿದ್ದೆ. ಕೊನೆಗೆ ತಡೆಯದೆ, "ಧನಿಗೋಸ್ಕರ ಇಷ್ಟೆಲ್ಲ ಬೇಕಿತ್ತಾ?" ಎಂದು ಕೇಳಿದೆ.

ಅಮ್ಮ ನನ್ನನ್ನು ವಿಚಿತ್ರವಾಗಿ ನೋಡಿದಳು. "ಧನಿಗೋಸ್ಕರ ಅಂತ ಯಾರು ಹೇಳಿದ್ದು? ನನ್ನ ಮುಂದೆ ನಿಂತವರೆಲ್ಲ ಕಾಯಿ ಮುಟ್ಟಿ ಆಗಿತ್ತು. ನಾನು ಬಾಯಿ ಬಿಟ್ಟರೆ ಅವರು ಮಾಡಿದ್ದು ಸುಳ್ಳು ಪ್ರಮಾಣ ಅಂತ ಆಗುತ್ತಿತ್ತು. ಎಲ್ಲರೂ ಮಕ್ಕಳೊಂದಿಗರು."

ಆದರೂ ನನ್ನ ಸಿಟ್ಟು ಇಳಿದಿರಲಿಲ್ಲ. "ಅದು ಗೊತ್ತಿದ್ದೂ ಇವಳು ನಿನ್ನನ್ನು ಕಳ್ಳಿಯ ಹಾಗೆ ನೋಡಿದಳಲ್ಲ?"

"ಅವಳಿಗೆ ಗೊತ್ತಿಲ್ಲ."

ಬಸ್ಸು ಹಿರಿಯಡ್ಕದಲ್ಲಿ ನಿಂತು ಜನ ಹತ್ತಿಸಿಕೊಂಡಿತು. ಅದು ಹೊರಟ ಮೇಲೆ ಅಮ್ಮ ಉಳಿದದ್ದನ್ನು ಹೇಳಿದಳು. ಪ್ರಮಾಣ ನಡೆದ ಮರುವರ್ಷ ಕಾಪುವಿನವಳ ಮಗ ಮಲ್ಪೆಯಿಂದ ಬೋಟಿನಲ್ಲಿ ಹೋದವನು ತಿರುಗಿ ಬರಲಿಲ್ಲ. ಅವನು ಸತ್ತದ್ದು ನನಗೆ ಗೊತ್ತಿತ್ತು. ಗೊತ್ತಿಲ್ಲದ್ದು, ಅವನ ಉತ್ತರಕ್ರಿಯೆಯ ಬೊಜ್ಜ ಮುಗಿದ ಮೇಲೆ ಒಂದು ಮಧ್ಯಾಹ್ನ ಅವಳು ನಮ್ಮ ಮನೆಗೆ ಬಂದು ಅಮ್ಮನ ಕಾಲಿನ ಹತ್ತಿರ ಬಿದ್ದುಕೊಂಡಿದ್ದು. ನಾನು ಕಾಲೇಜಿನಲ್ಲಿದ್ದೆ.

"'ಅಕ್ಕ, ನೀವು ಯಾಕೆ ಮುಟ್ಟಲಿಲ್ಲ ಅಂತ ನನಗೆ ಈಗ ಗೊತ್ತಾಯಿತು, ನಾನು ಮುಟ್ಟಿದೆ, ಅದಕ್ಕೇ ಹುಡುಗ ಹೋದದ್ದು ಅಲ್ವಾ' ಅಂತ ಕೇಳಿದಳು" ಎಂದಳು ಅಮ್ಮ. "ಉಳಿದದ್ದು ಈ ಹುಡುಗಿ ಒಂದೇ. ಅವತ್ತು ತಾಯಿಯನ್ನು ಹಾಗೆಯೇ ಕಳಿಸಿದ್ದರೆ ಅವಳೂ ಸಮುದ್ರಕ್ಕೆ ಹೋಗುತ್ತಿದ್ದಳು."

"ನೀನು ಎಂತ ಹೇಳಿದೆ?"

"'ಅಲ್ಲ ಮಾರಾಯ್ತಿ, ಬೀಜ ಬೆರೆಸಿದ್ದು ಧನಿಯ ಲೆಕ್ಕಕ್ಕೆ, ಅದರ ಪಾಪ ನಿನಗೆ ಇಲ್ಲ. ನಾನು ಮುಟ್ಟದೆ ಇದ್ದದ್ದು ಬೇರೆ ಕಾರಣಕ್ಕೆ. ಆ ಟಿನ್ನುಗಳನ್ನು ತೆಗೆದದ್ದು ನಾನೇ' ಅಂದೆ."

ಅಮ್ಮ ಮಡಿಲಲ್ಲಿದ್ದ ಮದುವೆಯ ಮನೆಯ ತೆಂಗಿನಕಾಯಿಯನ್ನು ಚೀಲದೊಳಗೆ ಸರಿಯಾಗಿ ಇಟ್ಟುಕೊಂಡಳು.

"ನಂಬಿದಳಾ?"

"ನಂಬಿದಳು. ಅವತ್ತು ನಮ್ಮಲ್ಲೇ ಅನ್ನ ಉಂಡು ಹೋದಳು."