ಹರವದೆ ಎಣಿಸಿದ ಐದು

ವರ್ಷಕ್ಕೊಮ್ಮೆ ನಮ್ಮ ಮನೆಗೆ ಹೊಸ ಹುಣಸೆಹಣ್ಣು ಬರುತ್ತದೆ. ಬಂದ ಮರುದಿನ ನನ್ನ ಹೆಂಡತಿ ಪಡಸಾಲೆಯಲ್ಲಿ ಗೋಣಿತಟ್ಟು ಹಾಸಿಕೊಂಡು, ಹಣ್ಣು ಜಜ್ಜಿ ಬೀಜ ತೆಗೆಯಲು ಕೂರುತ್ತಾಳೆ. ಆ ಹುಳಿ ವಾಸನೆ ಏಳುವ ಹೊತ್ತಿಗೆ ಸರಿಯಾಗಿ ನನಗೆ ಶಿಗ್ಗಾವಿಯ ಪೇಟೆಯಲ್ಲಿ ಬಹಳ ಜರೂರಿನ ಕೆಲಸವೊಂದು ನೆನಪಾಗುತ್ತದೆ. ನಿವೃತ್ತನಾದ ಮನುಷ್ಯನಿಗೆ ಎಂಥ ಜರೂರು ಎಂದು ಆಕೆ ಈವರೆಗೆ ಕೇಳಿಲ್ಲ. ಈ ಸಲ ಮೊಣಕಾಲು ಹಿಡಿದುಕೊಂಡಿತ್ತು. ಎದ್ದು ಹೋಗಲಾಗದೆ ಕುರ್ಚಿಯಲ್ಲೇ ಕೂತಿದ್ದೆ. ಒಂದು ಬೀಜ ಸಿಡಿದು ಪಾದದ ಹತ್ತಿರ ಬಿತ್ತು. ಎತ್ತಿಕೊಂಡೆ. ಇನ್ನೊಂದು ಬಿತ್ತು. ಅದನ್ನೂ ಎತ್ತಿಕೊಂಡೆ...

"ಏನ್ರೀ, ಬೀಜಾ ಎಣಸ್ಕೋತ ಕುಂತ್ರಲ್ಲ. ಸರ್ಕಾರದಾವ್ರು ಮತ್ತ ಸರ್ವೇ ಹಚ್ಯಾರೇನು ನಿಮಗ?" ಅಂದಳು.

ಅಕ್ಕಿಆಲೂರಿನ ನಮ್ಮ ಮಾಸ್ತರರು ಒಂದನೇ ಇಯತ್ತೆಯ ಹುಡುಗರಿಗೆ ಎಣಿಕೆ ಕಲಿಸುತ್ತಿದ್ದುದು ಹುಣಸೆಬೀಜದಲ್ಲಿ. ಅವರ ಮೇಜಿನ ಮೇಲೆ ಬೀಜ ತುಂಬಿದ ಒಂದು ತಗಡಿನ ಡಬ್ಬಿ ಇರುತ್ತಿತ್ತು. ಒಂದು ಹಿಡಿ ತೆಗೆದು ನಮ್ಮ ಮುಂದೆ ಗುಡ್ಡೆ ಹಾಕಿ, ಎಷ್ಟು ಎಂದು ಕೇಳುವರು. ನಾನು ಅವಸರದ ಗಿರಾಕಿ. ಮೇಲೆ ಕಂಡಷ್ಟನ್ನು ಎಣಿಸಿ, ಕೈಕಟ್ಟಿ ನಿಂತು, ಉತ್ತರ ಒಪ್ಪಿಸಿಬಿಡುತ್ತಿದ್ದೆ. ಅವರು ಹೊಡೆಯುತ್ತಿರಲಿಲ್ಲ. ಬೆರಳಿನಿಂದ ಗುಡ್ಡೆಯನ್ನು ಮೆಲ್ಲಗೆ ಕೆದರುತ್ತಿದ್ದರು. ಅಡಿಯಲ್ಲಿ ಅಡಗಿದ್ದ ಬೀಜಗಳು ನನ್ನ ಮಾನ ತೆಗೆಯಲೆಂದೇ ಹೊರಗೆ ಬರುತ್ತಿದ್ದವು. "ಮೊದಲ ಹರವು ತಮ್ಮಾ, ಆಮ್ಯಾಲ ಎಣಸು" ಎನ್ನುತ್ತಿದ್ದರು.

ಆ ಬೆರಳುಗಳು ಊರಿಗೇ ಹೆಸರಾಗಿದ್ದವು. ಮಾಸ್ತರರ ಅಕ್ಷರ ಅಂದರೆ ಅಚ್ಚು. ಅಕ್ಕಿ ಗಿರಣಿಯ ಬೋರ್ಡು, ಮದುವೆಯ ಲಗ್ನಪತ್ರಿಕೆಯ ಮೇಲಿನ ಹೆಸರುಗಳು, ಸಂತೆಯಲ್ಲಿ ಕಳೆದುಹೋದ ಎಮ್ಮೆಯ ಜಾಹೀರಾತು, ಎಲ್ಲಕ್ಕೂ ಅವರ ಕೈಯೇ ಬೇಕು. ಆ ಅಕ್ಷರದಲ್ಲಿ ಬರೆದರೆ ಎಮ್ಮೆ ತಾನೇ ಓದಿಕೊಂಡು ಮನೆಗೆ ಬರುತ್ತದೆ ಎಂದು ಊರವರು ಹೇಳುತ್ತಿದ್ದರು.

ನಾನು ದೊಡ್ಡವನಾಗಿ ಕುಷ್ಠರೋಗ ಸಹಾಯಕನೆಂಬ ಸರ್ಕಾರಿ ಪದವಿಯನ್ನು ಅಲಂಕರಿಸಿದೆ. ನನ್ನ ಸಾಮ್ರಾಜ್ಯ ಒಮ್ಮೆ ಸವಣೂರು, ಒಮ್ಮೆ ಹಿರೇಕೆರೂರು, ಒಮ್ಮೆ ಶಿಗ್ಗಾವಿ ಎಂದು ವರ್ಗಾವಣೆಯ ಆದೇಶಕ್ಕೆ ತಕ್ಕಂತೆ ಹಿಗ್ಗಿ ಕುಗ್ಗುತ್ತಿತ್ತು. ರಥವೆಂದರೆ ಒಂದು ಸೈಕಲ್ಲು, ಆಯುಧವೆಂದರೆ ಒಂದು ಬಾಲ್ ಪೆನ್ನು. ಮೈಮೇಲೆ ತಿಳಿಬಣ್ಣದ ಮಚ್ಚೆಯಿದ್ದವರನ್ನು ಕಣ್ಣು ಮುಚ್ಚಿಸಿ, ಪೆನ್ನಿನ ತುದಿಯಿಂದ ಮಚ್ಚೆಯನ್ನು ಮುಟ್ಟುವುದು. ಎಲ್ಲಿ ಮುಟ್ಟಿದೆ ಎಂದು ಅವರು ಬೆರಳಿಟ್ಟು ತೋರಿಸಬೇಕು. ತೋರಿಸಲಾಗದಿದ್ದರೆ ಅದು ನಮ್ಮ ಲೆಕ್ಕದ ಮಚ್ಚೆ. ಹುಲಗೂರಿನಿಂದ ಹಿಡಿದು ಕಂಡ ಕಂಡ ಊರಿನ ಕಟ್ಟೆಯ ಮೇಲೆ ನಿಂತು ಭಾಷಣವನ್ನೂ ಬಿಗಿಯುತ್ತಿದ್ದೆ: "ಇದು ಶಾಪ ಅಲ್ರಿ, ಕಣ್ಣಿಗೆ ಕಾಣದ ಒಂದು ರೋಗದ ಜಂತು. ಮುಟ್ಟಿದ ಮಾತ್ರಕ್ಕ ಬರೂದಿಲ್ಲ. ಔಷಧ ತಗೊಳ್ಳದ ರೋಗಿ ಜೋಡಿ ವರ್ಷಾನುಗಟ್ಟಲೆ ಇದ್ರ ಉಸಿರಿನಿಂದ ಹರಡತೈತಿ, ಅದೂ ಭಾಳ ಮಂದಿಗಿ ತಟ್ಟೂದಿಲ್ಲ. ಅಂಜಬ್ಯಾಡ್ರಿ." ನನ್ನ ಧೈರ್ಯಕ್ಕೆ ನಾನೇ ತಲೆದೂಗುತ್ತಿದ್ದೆ.

ಚಿಕಿತ್ಸೆಯ ಶಾಸ್ತ್ರ ನಿಂತಿದ್ದುದೂ ಎಣಿಕೆಯ ಮೇಲೆಯೇ. ಮಚ್ಚೆ ಐದರ ತನಕ ಇದ್ದರೆ ಮೈಯಲ್ಲಿ ಜಂತು ಕಡಿಮೆ ಎಂದು ಆರು ತಿಂಗಳ ಗುಳಿಗೆ. ಆರು ಅಥವಾ ಹೆಚ್ಚಿದ್ದರೆ ಜಂತು ಬಹಳ ಎಂದು ಒಂದು ವರ್ಷ, ಜೊತೆಗೆ ಇನ್ನೊಂದು ಔಷಧ. ಅದಕ್ಕೇ ತರಬೇತಿಯಲ್ಲಿ ಬಡಿದು ಬಡಿದು ಹೇಳಿದ್ದರು: ಅಂಗಿ ತೆಗೆಸಿ, ಬೆಳಕಿಗೆ ನಿಲ್ಲಿಸಿ, ಬೆನ್ನು ನೋಡಿ, ಮೊಣಕೈಯ ಹಿಂದಿನ ನರ ದಪ್ಪಗಾಗಿದೆಯೇ ಹಿಚುಕಿ ನೋಡಿ.

ಹಾನಗಲ್ ತಾಲೂಕಿಗೆ ನನ್ನನ್ನು ಹಾಕಿದ ವರ್ಷ ಸರ್ವೇ ಮಾಡುತ್ತ ಅಕ್ಕಿಆಲೂರಿನಲ್ಲಿ ಮಾಸ್ತರರ ಮನೆ ಬಾಗಿಲಿಗೆ ಬಂದೆ. ಅವರಿಗಿನ್ನೂ ಮೂರು ವರ್ಷದ ನೌಕರಿ ಬಾಕಿ ಇತ್ತು. ಒಳಗೆ ಕರೆದು, ಕಬ್ಬಿಣದ ಕುರ್ಚಿ ಕೊಟ್ಟು, ತಾವು ಎದುರಿಗೆ ಮಂಚದ ಮೇಲೆ ಕೂತರು.

"ನೀ ಮಚ್ಚಿ ನೋಡೂ ಸಾಹೇಬ ಆಗೀಯಂತ. ಹಂಗಾರ ನೋಡು" ಎಂದು ಅಂಗಿಯ ತೋಳು ಮಡಚಿದರು.

ಎಡ ಮುಂಗೈಯಲ್ಲಿ ಎರಡು. ಬಲ ಮಣಿಕಟ್ಟಿನ ಮೇಲೊಂದು. ಕಿವಿಯ ಕೆಳಗೊಂದು, ಮೀನಖಂಡದ ಮೇಲೊಂದು. ಕಣ್ಣು ಮುಚ್ಚಲು ಹೇಳಿದೆ. ನನ್ನ ಮುಂದೆ ಮಾಸ್ತರರು ವಿಧೇಯ ವಿದ್ಯಾರ್ಥಿಯಂತೆ ಕಣ್ಣು ಮುಚ್ಚಿದರು. ಪೆನ್ನಿನಿಂದ ಮುಟ್ಟಿದೆ. ಸುಮ್ಮನೆ ಕೂತಿದ್ದರು. ಮತ್ತೆ ಮುಟ್ಟಿದೆ.

"ಹೂಂ, ಚಾಲೂ ಮಾಡೋ" ಅಂದರು. ನಾನು ಮೂರು ಸಲ ಮುಟ್ಟಿಯಾಗಿತ್ತು.

ಕಣ್ಣು ತೆರೆದು ನನ್ನ ಮುಖ ನೋಡಿದರು. ಬೇರೇನೂ ಕೇಳದೆ ಅಂಗಿಯ ಗುಂಡಿಗೆ ಕೈ ಹಾಕಿದರು. ಮೊದಲನೆಯದು ಬಿಚ್ಚಿದರು, ಎರಡನೆಯದು ಬಿಚ್ಚಿದರು. ನನ್ನ ಕುರ್ಚಿ ಕಿರ್ರೆಂದಿತು.

"ಬ್ಯಾಡ್ರಿ ಸರ. ಇಷ್ಟ ಸಾಕ್ರಿ."

ಅವರ ಕೈ ಮೂರನೇ ಗುಂಡಿಯ ಮೇಲೆ ನಿಂತಿತು. ಆಮೇಲೆ ಮೇಲಿನ ಎರಡನ್ನೂ ಹಾಕಿಕೊಂಡರು. ನಾನು ಚಿಕಿತ್ಸೆಯ ಕಾರ್ಡಿನಲ್ಲಿ 'ಐದು' ಎಂದು ಬರೆದೆ. ಕಲಿಸಿದ ಗುರುವನ್ನು ಬರಿಮೈಯಲ್ಲಿ ನಿಲ್ಲಿಸುವುದು ಹೇಗೆ, ಎಂದು ದಾರಿಯುದ್ದಕ್ಕೂ ನನಗೆ ನಾನೇ ಹೇಳಿಕೊಂಡೆ. ಮರ್ಯಾದಸ್ಥ ಶಿಷ್ಯನೆಂದು ಸೈಕಲ್ಲಿನ ಮೇಲೆ ತುಸು ನೆಟ್ಟಗೂ ಕೂತಿದ್ದಿರಬೇಕು.

ಆರು ತಿಂಗಳು ಗುಳಿಗೆಯ ವ್ಯವಹಾರ ನಡೆಯಿತು. ತಿಂಗಳ ಮೊದಲ ಗುಳಿಗೆಯನ್ನು ನನ್ನ ಕಣ್ಣೆದುರಿಗೇ ನುಂಗಬೇಕೆಂಬುದು ನಿಯಮ. ಒಂದು ಕಾಲಕ್ಕೆ ನನ್ನಿಂದ ಮಗ್ಗಿ ಒಪ್ಪಿಸಿಕೊಳ್ಳುತ್ತಿದ್ದವರು ಈಗ ನನಗೆ ಗುಳಿಗೆ ಒಪ್ಪಿಸುತ್ತಿದ್ದರು. ನುಂಗಿ, ಬಾಯಿ ತೆರೆದು ತೋರಿಸಿ, "ಪಾಸೋ ನಪಾಸೋ?" ಎಂದು ಕೇಳುವರು. ಆರನೇ ತಿಂಗಳು ನಾನು ಪಾಸು ಮಾಡಿದೆ. ಚಿಕಿತ್ಸೆ ಪೂರ್ಣ ಎಂದು ಬರೆದು, ಕೆಳಗೆ ಸೊಗಸಾಗಿ ಸಹಿ ಹಾಕಿದೆ.

ಮರುವರ್ಷ ಶಾಲೆಯ ಕಡೆ ಹೋದಾಗ ಅವರು ಹಲಗೆಯ ಮೇಲೆ ಬರೆಯುತ್ತಿದ್ದರು. ಸುಣ್ಣದ ಕಡ್ಡಿ ಕೈಯಿಂದ ಜಾರಿ ಬಿತ್ತು. ಎತ್ತಿಕೊಂಡರು. ಮತ್ತೆ ಬಿತ್ತು. ಹಲಗೆಯ ಮೇಲಿನ ಅಕ್ಷರ ಅವರದಲ್ಲ ಎಂಬಂತಿತ್ತು. ಹೊರಗೆ ಬಂದಾಗ ನೋಡಿದೆ. ಬಲಗೈಯ ಕಿರುಬೆರಳು, ಅದರ ಪಕ್ಕದ ಬೆರಳು ಒಳಕ್ಕೆ ಬಾಗಿದ್ದವು.

"ಯಾವಾಗಿನಿಂದರಿ ಸರ?"

"ಬ್ಯಾಸಗಿಗಿಂತ ಮೊದಲನ ಮೊಣಕೈ ಭಾಳ ನೋಯತಿತ್ತು. ನೀ ಆರಾಮ ಆಗೇತಿ ಅಂತ ಸಹಿ ಹಾಕಿದ್ಯಲ್ಲ, ವಯಸ್ಸಿನ ಬ್ಯಾನಿ ಇರಬೇಕು ಅನ್ಕೊಂಡೆ."

ತಾಲೂಕಿನ ಡಾಕ್ಟರ ಹತ್ತಿರ ನಾನೇ ಕರೆದುಕೊಂಡು ಹೋದೆ. ಡಾಕ್ಟರರು ಮರ್ಯಾದೆ ಗಿರ್ಯಾದೆ ಎನ್ನದೆ ಅಂಗಿ ತೆಗೆಸಿ ಕಿಟಕಿಯ ಬೆಳಕಿಗೆ ನಿಲ್ಲಿಸಿದರು. ಬೆನ್ನಿನ ಮೇಲೆ ಹಳೆಯವೇ ಎರಡು ಮಚ್ಚೆ, ಅಂಗೈಯಗಲದವು. ಆರು, ಏಳು ಎಂದು ಗಟ್ಟಿಯಾಗಿ ಎಣಿಸಿದರು. ಮೊಣಕೈಯ ಹಿಂದೆ ಹುರಿಯಂತೆ ದಪ್ಪಗಾಗಿದ್ದ, ಆ ಬೆರಳುಗಳಿಗೆ ಇಳಿಯುವ ನರವನ್ನು ಹಿಡಿದು ನೋಡಿದರು. ಆಮೇಲೆ ಕಾರ್ಡು ಓದಿ ತಲೆಯೆತ್ತಿದರು.

"ಐದು ಅಂತ ಬರದಾರಲ್ರಿ? ಬೆನ್ನು ನೋಡಿದ್ದಿಲ್ಲೇನು ಯಾರೂ?"

ನಾನು ಬಾಯಿ ತೆರೆಯುವ ಮೊದಲೇ, ಅಂದರೆ ನಾನು ತೆರೆಯುವವನಿದ್ದೆ ಎಂದು ಇಟ್ಟುಕೊಂಡರೆ, ಮಾಸ್ತರರು ಹೇಳಿದರು: "ಅವನ ತಪ್ಪಿಲ್ರಿ. ಅಂವ ತಗೀರಿ ಅಂದ. ನಾನ ಅಂಗಿ ತಗೀಲಿಲ್ಲ."

ಡಾಕ್ಟರರು ಅವರನ್ನು ಗದರಿದರು. ಕಲಿತವರೇ ಹೀಗೆ ಮಾಡಿದರೆ ಹೇಗೆ ಎಂದರು. ಮೊದಲೇ ಗೊತ್ತಾಗಿದ್ದರೆ ಬೆರಳು ಉಳಿಯುತ್ತಿದ್ದವೇನೋ ಎಂದರು. ಮಾಸ್ತರರು ತಲೆ ತಗ್ಗಿಸಿ ಬೈಸಿಕೊಂಡರು. ನಾನು ಗೋಡೆಯ ಮೇಲಿನ ಕ್ಯಾಲೆಂಡರಿನಲ್ಲಿ ಆ ತಿಂಗಳ ಅಮಾವಾಸ್ಯೆ ಯಾವಾಗ ಬರುತ್ತದೆ ಎಂಬುದನ್ನು ಬಹಳ ಆಸಕ್ತಿಯಿಂದ ನೋಡುತ್ತ ನಿಂತಿದ್ದೆ.

ಒಂದು ವರ್ಷದ ಔಷಧ ಮತ್ತೆ ಶುರುವಾಯಿತು. ಈ ಸಲದ ಔಷಧಕ್ಕೆ ಮುಖ ಕಪ್ಪಗಾಯಿತು. ರೋಗ ಪೂರ್ತಿ ಹೋಯಿತು, ಬೆರಳು ನೆಟ್ಟಗಾಗಲಿಲ್ಲ. ಉಳಿದ ನೌಕರಿಯನ್ನು ಅವರು ಎಡಗೈಯಿಂದ ಬರೆದೇ ಮುಗಿಸಿದರು. ಒಂದನೇ ಇಯತ್ತೆಯ ಹುಡುಗರ ಅಕ್ಷರವೂ ಅವರದೂ ಒಂದೇ ತರಹ ಕಾಣುತ್ತಿತ್ತು. ಗಿರಣಿಯವರು ಬೋರ್ಡನ್ನು ಹಾವೇರಿಯಲ್ಲಿ ಬರೆಸಿದರು. ನನಗೆ ಬಡ್ತಿ ಸಿಕ್ಕಿತು. ಬೇರೆಯವರ ಎಣಿಕೆ ಸರಿಯಾಗಿದೆಯೇ ಎಂದು ತಪಾಸಣೆ ಮಾಡುವ ಹುದ್ದೆ!

ಕೊನೆಯ ಸಲ ಭೇಟಿಯಾದಾಗ ಅವರು ನಿವೃತ್ತರಾಗಿ ಬಹಳ ವರ್ಷವಾಗಿತ್ತು. ಅದೇ ಮಂಚ, ಅದೇ ಕಬ್ಬಿಣದ ಕುರ್ಚಿ. ಅದೂ ಇದೂ ಮಾತಾಡುತ್ತಿದ್ದವರು ನಡುವೆ ನಿಲ್ಲಿಸಿ ಕೇಳಿದರು:

"ಒಂದು ಕೇಳ್ತೇನಿ, ಖರೇ ಹೇಳು. ಅವತ್ತು ಅಂಗಿ ತಗೀಬ್ಯಾಡ್ರಿ ಅಂದ್ಯಲ್ಲ. ನಾಚಿದ್ಯೋ, ಅಂಜಿದ್ಯೋ?"

"ನಾಚಿದ್ನಿರಿ ಸರ."

ಬಾಗಿದ ಎರಡು ಬೆರಳುಗಳನ್ನು ಎಡಗೈಯಿಂದ ನೀವಿಕೊಳ್ಳುತ್ತ ನನ್ನನ್ನೇ ನೋಡಿದರು. "ಹಂಗಾರ ನಡೀತೈತಿ ಬಿಡು" ಅಂದರು. ಆ ಮಳೆಗಾಲ ಕಳೆಯುವುದರೊಳಗೆ ತೀರಿಕೊಂಡರು. ಜಂತುವಿನಿಂದಲ್ಲ, ವಯಸ್ಸಿನಿಂದ.

ನಾಚಿದ್ದು ಸುಳ್ಳಲ್ಲ. ಆದರೆ ಆ ದಿನ ಅವರು ಎರಡನೇ ಗುಂಡಿ ಬಿಚ್ಚಿದಾಗ ಕುರ್ಚಿ ತಾನಾಗಿ ಕಿರ್ರೆಂದಿರಲಿಲ್ಲ. ಒಂದು ಗೇಣು ಹಿಂದಕ್ಕೆ ಸರಿದಿತ್ತು. ಅದರ ಮೇಲೆ ಕೂತಿದ್ದವನು, ಊರೂರಿನ ಕಟ್ಟೆಯ ಮೇಲೆ ಅಂಜಬೇಡಿರೆಂದು ಭಾಷಣ ಬಿಗಿದವನು, ನಾನು. ಆ ಸದ್ದು ಅವರಿಗೂ ಕೇಳಿಸಿತ್ತು. ಕೇಳಿಸಿದ್ದರಿಂದಲೇ ಕೈ ಮೂರನೇ ಗುಂಡಿಯ ಮೇಲೆ ನಿಂತಿತ್ತು, ಕೇಳಿಸಿದ್ದರಿಂದಲೇ ಅಷ್ಟು ವರ್ಷ ಬಿಟ್ಟು ಕೇಳಿದರು...

"ಎಷ್ಟಾದ್ವು?" ಎಂದು ಹೆಂಡತಿ ಚೇಷ್ಟೆಗೆ ಕೇಳಿದಳು. ಹಿಡಿಯಲ್ಲಿದ್ದ ಬೀಜಗಳನ್ನು ನೆಲದ ಮೇಲೆ ಸುರಿದೆ. ಒಂದರ ಕೆಳಗೆ ಒಂದು ಉಳಿಯದಂತೆ ಬೆರಳಿನಿಂದ ಹರವಿದೆ. ಆಮೇಲೆ ಎಣಿಸಿದೆ. ಈ ಸಲ ಲೆಕ್ಕ ಸರಿಯಾಗಿತ್ತು. ಒಪ್ಪಿಸೋಣವೆಂದರೆ ಅವರಿಲ್ಲ.